ಡೈರಿ ಮುಂದಿನ ಸಕ್ಕರೆ ಪಾಠ

ಬೆಳಿಗ್ಗೆ ಡೈರಿಯ ಬಾಗಿಲು ತೆರೆಯುವ ಮೊದಲೇ ಕ್ಯಾನು, ಬಿಂದಿಗೆ, ಸ್ಟೀಲ್ ಡಬ್ಬಿಗಳ ಸಾಲು ಜಗುಲಿ ದಾಟಿ ರಸ್ತೆಗೆ ಬಂದಿರುತ್ತದೆ. ಮುಳಬಾಗಿಲಿನಿಂದ ಕುರುಡುಮಲೆಯ ಕಡೆಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ದಿನ ಶುರುವಾಗುವುದು ಹೀಗೆಯೇ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ, ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿದ ಈ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷವೂ ಮನೆ ನಡೆಸುವುದು ಹಾಲು ಮತ್ತು ರೇಷ್ಮೆ. ಸಾಲಿನಲ್ಲಿ ನಿಂತವರ ಮಾತು ಮೊದಲೆಲ್ಲ ಹಸುವಿನ ಸುತ್ತಲೇ ಇರುತ್ತಿತ್ತು. ಯಾವುದು ಗಬ್ಬವಾಯಿತು, ಯಾವುದಕ್ಕೆ ಕೆಚ್ಚಲುಬಾವು ಬಂತು, ಹಿಂಡಿಯ ಮೂಟೆ ಎಷ್ಟಕ್ಕೇರಿತು. ಕೆಲವು ವರ್ಷಗಳಿಂದ ಅದರ ನಡುವೆ ಇನ್ನೊಂದು ಮಾತು ಬಂದು ಕೂತಿದೆ.

“ಎಷ್ಟೈತಕ್ಕಾ ನಿಂದು?”

“ಇನ್ನೂರ ಎಂಬತ್ತು ಅಂದ್ರು. ಊಟ ಆದ್ಮೇಲೆ ನೋಡಿದ್ದು.”

“ನಂದು ಖಾಲಿ ಹೊಟ್ಟೇಲೇ ಇನ್ನೂರು ದಾಟಿತ್ತು. ನಾನು ಅನ್ನ ಬಿಟ್ಟುಬಿಟ್ಟೆ. ಮೂರು ಹೊತ್ತೂ ಮುದ್ದೆ.”

“ಮುದ್ದೆ ಎಷ್ಟು ದಪ್ಪ ಮಾಡ್ಕೊಂತೀಯ, ಅದನ್ನ ಹೇಳು ಮೊದಲು.”

ಈ ಕೊನೆಯ ಪ್ರಶ್ನೆ ಕೇಳಿದವರು ನನ್ನ ದೊಡ್ಡಮ್ಮ. ಸ್ಲೇಟು ಹಿಡಿದದ್ದು ನಾಲ್ಕನೇ ಕ್ಲಾಸಿನ ತನಕ. ಸಕ್ಕರೆ ಕಾಯಿಲೆಯ ಜೊತೆ ಸಂಸಾರ ಮಾಡುತ್ತ ಹದಿನಾಲ್ಕು ವರ್ಷ ಆಯಿತು. ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ ಎಂದು ನಂಬಿ ಅವರೂ ಮೊದಲ ಮೂರು ವರ್ಷ ಹೊತ್ತಿಗೆರಡು ಮುದ್ದೆ ಇಳಿಸಿದವರು. ಅದು ತಪ್ಪು ಎಂದು ಅವರಿಗೆ ತಿಳಿದದ್ದು ಯಾವ ಡಾಕ್ಟರರಿಂದಲೂ ಅಲ್ಲ. ಇದೇ ಸಾಲಿನಲ್ಲಿ, ತಮಗಿಂತ ಮೊದಲು ಕಾಯಿಲೆ ಹಿಡಿದಿದ್ದ ಇನ್ನೊಬ್ಬ ಹೆಂಗಸಿನಿಂದ.

ಬಡವರ ಊರುಗಳಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ತಿಳಿವಳಿಕೆ ಇಲ್ಲ, ನಾವು ಹೋಗಿ ಅದನ್ನು ತುಂಬಬೇಕು ಎನ್ನುವ ಮಾತನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ. ಪಾಠ ಇಲ್ಲಿ ಆಗಲೇ ನಡೆಯುತ್ತಿದೆ. ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ರಜೆಯಿಲ್ಲದೆ. ಸರಿಯಾದದ್ದೂ ತಪ್ಪಾದದ್ದೂ ಒಂದೇ ದನಿಯಲ್ಲಿ, ಒಂದೇ ನಂಬಿಕೆಯಿಂದ ಕೈ ಬದಲಾಗುತ್ತಿದೆ. ನಾವು ಮಾಡಬೇಕಾದ ಕೆಲಸ ಈ ಪಾಠವನ್ನು ಪಾಠವೆಂದು ಒಪ್ಪಿಕೊಂಡು, ಹೇಳುವವರ ಕೈಗೆ ಸರಿಯಾದದ್ದನ್ನು ಕೊಡುವುದು.

ದೊಡ್ಡಮ್ಮ ಇನ್ನೊಂದು ಪಾಠ ಕಲಿತದ್ದು ಕುರುಡುಮಲೆಯ ಗುಡಿಯಲ್ಲಿ. ಊರಿಗೆ ಆ ಹೆಸರು ಕೂಡುಮಲೆಯಿಂದ ಬಂತು ಎನ್ನುತ್ತಾರೆ. ದೇವತೆಗಳು ಬಂದು ಕೂಡುತ್ತಿದ್ದ ಮಲೆ. ಹದಿಮೂರೂವರೆ ಅಡಿ ಎತ್ತರದ ಏಕಶಿಲೆಯ ಗಣಪತಿ ಇಲ್ಲಿದ್ದಾನೆ. ಜಕಣಾಚಾರಿಯ, ಅವನ ಮಗ ಡಂಕಣನ ಕೈ ಸೋಕಿದ್ದೆಂದು ಜನ ಹೇಳುವ ಸೋಮೇಶ್ವರನ ಗುಡಿಯೂ ಇದೆ. ಹೊಸ ಕೆಲಸಕ್ಕೆ ಕೈ ಹಾಕುವ ಮುನ್ನ ಈ ಗಣಪತಿಗೆ ಕೈ ಮುಗಿಯುವುದು ಸುತ್ತಲಿನವರ ರೂಢಿ. ಚುನಾವಣೆಯ ಪ್ರಚಾರದ ವಾಹನಗಳೂ ಇಲ್ಲಿಂದಲೇ ಹೊರಡುತ್ತವೆ. ಸಂಕಷ್ಟಿಯ ದಿನ ಅಂಗಳದ ತುಂಬ ಜನ. ಎಲ್ಲರೂ ಬರಿಗಾಲು.

ಒಂದು ಬೇಸಿಗೆಯ ಮಧ್ಯಾಹ್ನ ದೊಡ್ಡಮ್ಮ ಹರಕೆಯ ಪ್ರದಕ್ಷಿಣೆ ಹಾಕಿದರು. ಮಕ್ಕಳೆಲ್ಲ ಕಾಲು ಸುಡುತ್ತದೆಂದು ಕುಣಿಯುತ್ತ ನೆರಳಿಗೆ ಓಡಿದರೆ ಅವರು ಮಾತ್ರ ನಿಧಾನಕ್ಕೆ ನಡೆದರು. ದೇವರ ಮೇಲಿನ ಭಕ್ತಿಗೆ ಬಿಸಿ ತಾಕಲಿಲ್ಲ ಎಂದುಕೊಂಡೆವು. ರಾತ್ರಿ ಹಾಸಿಗೆ ಒದ್ದೆಯಾಗಿದ್ದು ಕಂಡು ದೀಪ ಹಿಡಿದು ನೋಡಿದರೆ ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ನೋವೇ ಇರಲಿಲ್ಲ. ಹೆಚ್ಚು ಸಕ್ಕರೆ ವರ್ಷಗಟ್ಟಲೆ ನರಗಳನ್ನು ತಿನ್ನುತ್ತ ಬಂದರೆ ಮೊದಲು ಸಾಯುವುದು ಪಾದದ ಸ್ಪರ್ಶ. ಮುಳ್ಳು ಚುಚ್ಚಿದ್ದು, ಚಪ್ಪಲಿ ಕಚ್ಚಿದ್ದು, ಕಲ್ಲು ಸುಟ್ಟದ್ದು ಯಾವುದೂ ತಿಳಿಯುವುದಿಲ್ಲ. ರಕ್ತದ ಓಟ ಕಡಿಮೆಯಾದ ಕಾಲಿನಲ್ಲಿ ಗಾಯ ಬೇಗ ಮಾಯುವುದೂ ಇಲ್ಲ. ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗೆ ಎಂದು ಕತ್ತರಿಸುತ್ತ ಹೋಗುವ ಕಥೆಗಳು ನಮ್ಮ ಕಡೆ ಎಷ್ಟೋ ಮನೆಗಳಲ್ಲಿವೆ. ದೊಡ್ಡಮ್ಮನ ಕಾಲು ಉಳಿಯಿತು. ಎರಡು ತಿಂಗಳು ಹಿಡಿಯಿತು.

ಆ ಹೊತ್ತಿಗೆ ಅವರಿಗೆ ಕಾಯಿಲೆ ಹಿಡಿದು ಆರು ವರ್ಷವಾಗಿತ್ತು. ಮಾತ್ರೆ ತರಲು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಆ ಆರು ವರ್ಷದಲ್ಲಿ ಒಮ್ಮೆಯೂ ಯಾರೂ ಅವರ ಕಾಲನ್ನು ನೋಡಿರಲಿಲ್ಲ. ಕೊಟ್ಟದ್ದು ಒಂದು ಹಾಳೆ. ಇಂಗ್ಲಿಷಿನಲ್ಲಿ ಅಚ್ಚಾದ ಪಥ್ಯದ ಪಟ್ಟಿ. ಅದರಲ್ಲಿ ಓಟ್ಸ್ ಇತ್ತು, ಸೇಬು ಇತ್ತು, ಕೊಬ್ಬು ತೆಗೆದ ಹಾಲು ಇತ್ತು, ದಿನಕ್ಕೆ ಅರ್ಧ ಗಂಟೆ ಚುರುಕಾದ ವಾಕಿಂಗ್ ಇತ್ತು. ಅವರು ದಿನಾ ಮೈಲಿಗಟ್ಟಲೆ ನಡೆದು ಹುಲ್ಲು ಕೊಯ್ದು ತಲೆಯ ಮೇಲೆ ಹೊರೆ ಹೊತ್ತು ತರುವವರು. ಮನೆಯ ಹಾಲೆಲ್ಲ ಡೈರಿಗೆ ಹೋಗಿ ಟೀಗಾಗುವಷ್ಟು ಮಾತ್ರ ಉಳಿಯುವ ಮನೆಯವರು. ಆ ಹಾಳೆಯನ್ನು ಅವರು ಮಡಿಸಿ ದೇವರ ಫೋಟೋದ ಹಿಂದೆ ಇಟ್ಟಿದ್ದರು. ಬಿಸಾಡಲು ಮನಸ್ಸು ಬರಲಿಲ್ಲವಂತೆ.

ಆ ಆಸ್ಪತ್ರೆಯ ಡಾಕ್ಟರರನ್ನು ದೂರಲು ನನಗೆ ಮನಸ್ಸಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ನೂರು ನೂರೈವತ್ತು ಜನರನ್ನು ನೋಡುವವರಿಗೆ ಒಬ್ಬೊಬ್ಬರಿಗೆ ಸಿಗುವುದು ಎರಡು ನಿಮಿಷ. ಆದರೆ ಸಕ್ಕರೆ ಕಾಯಿಲೆ ಎರಡು ನಿಮಿಷದ ಕಾಯಿಲೆ ಅಲ್ಲ. ಜ್ವರಕ್ಕೆ ಡಾಕ್ಟರು ಮದ್ದು ಕೊಡುತ್ತಾರೆ, ಜ್ವರ ಇಳಿಯುತ್ತದೆ. ಇಲ್ಲಿ ವರ್ಷದ ಮುನ್ನೂರ ಅರವತ್ತೈದು ದಿನವೂ ಚಿಕಿತ್ಸೆ ನಡೆಸುವವರು ರೋಗಿಯೇ. ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು, ಕೂಲಿಗೆ ಹೋದ ಕಡೆ ಊಟ ತಡವಾದರೆ ಏನು, ಮದುವೆ ಮನೆಯ ಎಲೆಯ ಮುಂದೆ ಕೂತಾಗ ಏನು, ಮಗುವಿಗೆ ಜ್ವರ ಬಂದು ರಾತ್ರಿಯೆಲ್ಲ ಎದ್ದಿದ್ದ ಮರುದಿನ ಏನು. ಈ ತೀರ್ಮಾನಗಳೆಲ್ಲ ಅಡುಗೆಮನೆಯಲ್ಲಿ, ಹೊಲದ ಬದುವಿನಲ್ಲಿ ಆಗುತ್ತವೆ. ಅಲ್ಲಿ ಡಾಕ್ಟರು ಇರುವುದಿಲ್ಲ. ಪಕ್ಕದ ಮನೆಯವರು ಇರುತ್ತಾರೆ.

ಮುದ್ದೆಯ ವಿಷಯಕ್ಕೇ ಬರೋಣ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಸುಣ್ಣದ ಅಂಶದಲ್ಲಂತೂ ಅಕ್ಕಿಗೂ ರಾಗಿಗೂ ಹೋಲಿಕೆಯೇ ಇಲ್ಲ. ಆದರೆ ಅದೇ ನೂರು ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ ಇದೆ, ಅಕ್ಕಿಯಲ್ಲಿ 78. ದೊಡ್ಡ ವ್ಯತ್ಯಾಸವೇನಲ್ಲ. ನುಣ್ಣಗೆ ಬೀಸಿ, ಜರಡಿ ಹಿಡಿದು, ಅಂಬಲಿ ಮಾಡಿ ಕುಡಿದರೆ ಅದು ರಕ್ತಕ್ಕೆ ಸೇರುವ ವೇಗವೂ ಏರುತ್ತದೆ. ಹಾಗಾಗಿ ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಲದು, ಮುದ್ದೆ ಚಿಕ್ಕದಾಗಬೇಕು, ಸಾರು ಗಟ್ಟಿಯಾಗಬೇಕು. ಬಸ್ಸಾರಿನ ಸೊಪ್ಪು ಕಾಳು ತಟ್ಟೆಯಲ್ಲಿ ಮುದ್ದೆಯಷ್ಟೇ ಜಾಗ ಹಿಡಿಯಬೇಕು. ಇದನ್ನು ಹೇಳುವುದಕ್ಕೆ ಪೌಷ್ಟಿಕ ತಜ್ಞರೇ ಬೇಕಿಲ್ಲ. ಆದರೆ ಇದನ್ನು ಹೇಳುವವರಿಗೆ ಹುರುಳಿಯ ಬೆಲೆ ಗೊತ್ತಿರಬೇಕು. ಅನ್ನಭಾಗ್ಯದ ಅಕ್ಕಿ ಮನೆಯಲ್ಲಿ ಇರುವಾಗ ಅದನ್ನು ಬಿಟ್ಟು ಬೇರೆ ತಿನ್ನಿ ಎನ್ನುವುದು ಎಷ್ಟು ಕಷ್ಟ ಎನ್ನುವುದೂ ಗೊತ್ತಿರಬೇಕು. ಬದುವಿನಲ್ಲಿ ಬೆಳೆದ ಅಣ್ಣೆಸೊಪ್ಪು, ಗೋಣಿಸೊಪ್ಪು ಯಾವ ತಿಂಗಳಲ್ಲಿ ಕೈಗೆ ಸಿಗುತ್ತದೆ ಎನ್ನುವುದೂ.

ಇನ್ನೊಂದು ಸಂಗತಿ, ಒಲೆ ಒಂದೇ. ಆರು ಜನರ ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡುಗೆ ಆಗುವುದಿಲ್ಲ. ಆ ಒಬ್ಬರು ಗಂಡಸಾದರೆ ಒಂದು ವೇಳೆ ಆದೀತು. ಹೆಂಗಸಾದರೆ ಆಗುವುದೇ ಇಲ್ಲ. ತನಗಾಗಿ ಒಂದು ಹಿಡಿ ಸೊಪ್ಪು ಹೆಚ್ಚು ಕೊಳ್ಳುವುದನ್ನು ಸ್ವಾರ್ಥ ಎಂದುಕೊಳ್ಳುವ ತಾಯಂದಿರು ನಮ್ಮವರು. ಉಳಿದದ್ದನ್ನು ಉಣ್ಣುವವರಿಗೆ ಅಳತೆ ಹೇಳಿ ಏನು ಫಲ?

ಕೂಲಿಗೆ ಹೋಗುವವರ ಅಪಾಯ ಇನ್ನೂ ಬೇರೆ. ಕೆಲವು ಬಗೆಯ ಶುಗರ್ ಮಾತ್ರೆ ನುಂಗಿ ತಿಂಡಿ ತಿನ್ನದೆ ಟೊಮೆಟೊ ಬಿಡಿಸಲು ಹೋದರೆ ಹನ್ನೊಂದು ಗಂಟೆಯ ಬಿಸಿಲಿಗೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ಮಾತು ತೊದಲುತ್ತದೆ. ಮೈಮೇಲೆ ಏನೋ ಬಂತೆಂದೋ, ಕುಡಿದು ಬಂದಿದ್ದಾನೆಂದೋ ಸುತ್ತಲಿನವರು ದೂರ ನಿಲ್ಲುತ್ತಾರೆ. ಆಗ ಬೇಕಾದದ್ದು ಮೂರು ಚಮಚ ಸಕ್ಕರೆ ಕರಗಿಸಿದ ನೀರು, ಹದಿನೈದು ನಿಮಿಷದ ಕಾಯುವಿಕೆ, ಬಳಿಕ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಶುಗರ್ ಇದ್ದವರಿಗೆ ಸಕ್ಕರೆಯೇ ವಿಷ ಎಂದು ನಂಬಿದ ಜನ ಆ ಹೊತ್ತಿನಲ್ಲಿ ಸಕ್ಕರೆ ಕೊಡಲು ಹೆದರುತ್ತಾರೆ. ಸೆರಗಿನ ತುದಿಯಲ್ಲಿ ನಾಲ್ಕು ಸಕ್ಕರೆ ಮಿಠಾಯಿ ಗಂಟು ಹಾಕಿಕೊಂಡೇ ಹೊಲಕ್ಕೆ ಹೋಗಬೇಕೆಂಬುದನ್ನು ಒಮ್ಮೆ ಹಾಗೆ ಬಿದ್ದು ಎದ್ದವರು ಹೇಳಿದರೆ ಮಾತ್ರ ಇನ್ನೊಬ್ಬರು ಗಂಟು ಹಾಕಿಕೊಳ್ಳುತ್ತಾರೆ.

ಇದೆಲ್ಲ ನನ್ನೂರಿನ ಅನುಭವ ಮಾತ್ರ ಅಲ್ಲ. ಬೆಂಗಳೂರಿನ ಬಡವರ ಬಡಾವಣೆ ಕೆ.ಜಿ. ಹಳ್ಳಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯವರು 2009ರಿಂದ ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ಉಪೇಂದ್ರ ಭೋಜಾನಿ ಮತ್ತು ಸಂಗಡಿಗರು ಮುಂದೆ ಪ್ರಕಟಿಸಿದ ಬರಹಗಳಲ್ಲಿ 9,299 ಮನೆಗಳ 44,514 ಜನರ ವಿವರವಿದೆ. ವಯಸ್ಕರಲ್ಲಿ ಶೇ 6.4ರಷ್ಟು ಜನ ತಮಗೆ ಸಕ್ಕರೆ ಕಾಯಿಲೆ ಇದೆಯೆಂದರು. ದೀರ್ಘಕಾಲದ ಕಾಯಿಲೆ ಇದ್ದ ಮನೆಗಳಲ್ಲಿ ಹೊರರೋಗಿ ಚಿಕಿತ್ಸೆಗೇ ತಿಂಗಳ ಆದಾಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತಿದ್ದ ಮನೆಗಳು ಶೇ 16. ಆಪರೇಷನ್ನು, ದಾಖಲಾತಿಯ ಖರ್ಚು ಇದರಲ್ಲಿ ಸೇರಿಲ್ಲ. ಬರೀ ಮಾತ್ರೆ, ರಕ್ತಪರೀಕ್ಷೆ, ಫೀಸು. ಅದೇ ತಂಡ ರೋಗಿಗಳ ಬಳಿ ಕೂತು ಮಾತನಾಡಿಸಿದಾಗ ಕೇಳಿಬಂದದ್ದು ನಮ್ಮ ಡೈರಿಯ ಸಾಲಿನ ಮಾತುಗಳೇ. ಜೀವನಪೂರ್ತಿ ಮಾತ್ರೆ ಎಂದರೆ ಬರುವ ಬೇಸರ, ಒಂದು ಕಡೆ ಗುಣವಾಗಲಿಲ್ಲವೆಂದು ಇನ್ನೊಂದು ಕಡೆಗೆ ಅಲೆದಾಟ, ಮನೆಯವರ ಅಡುಗೆ ಒಂದೇ ಆದ್ದರಿಂದ ಪಥ್ಯ ಮಾಡಲಾಗದ ಸಂಕಟ, ಡಾಕ್ಟರು ಹೇಳಿದ್ದು ಅರ್ಥವಾಗದೆ ಕೇಳಲು ಅಂಜಿಕೆ. ಶ್ರೀಮಂತರ ಕಾಯಿಲೆ ಎಂಬ ಮಾತನ್ನು ಇನ್ನಾದರೂ ಬಿಡಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್‌-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಜನರಿಗೆ ಮಧುಮೇಹವಿದೆ, ಹಳ್ಳಿಗಳಲ್ಲೇ ಶೇ 8.9.

ಸಾಲಿನಲ್ಲಿ ನಡೆಯುವ ತಪ್ಪು ಪಾಠಗಳನ್ನೂ ಹೇಳಬೇಕು, ಮುಚ್ಚಿಡಬಾರದು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಸಾಕು, ಮಾತ್ರೆ ಬೇಡ. ಇನ್ಸುಲಿನ್ ಗಿಡದ ಎಲೆ ದಿನಕ್ಕೆರಡು ಜಗಿದರೆ ಸೂಜಿ ಬೇಡ. ನೇರಳೆ ಬೀಜದ ಪುಡಿ, ಹಾಗಲಕಾಯಿ ರಸ, ಮೆಂತ್ಯದ ನೀರು. ಇವುಗಳಲ್ಲಿ ಕೆಲವಕ್ಕೆ ಸಕ್ಕರೆಯನ್ನು ಸ್ವಲ್ಪ ಇಳಿಸುವ ಗುಣ ಇರಬಹುದು. ಹೊನ್ನೆಯ ಬಗ್ಗೆಯಂತೂ ವೈದ್ಯಕೀಯ ಸಂಶೋಧನೆಗಳೇ ನಡೆದಿವೆ. ಅಪಾಯ ಲೋಟದಲ್ಲಿಲ್ಲ, ಲೋಟ ಬಂತೆಂದು ಮಾತ್ರೆ ನಿಲ್ಲಿಸುವುದರಲ್ಲಿದೆ. ಅದಕ್ಕಿಂತ ದೊಡ್ಡ ಕೇಡು ಮಾಡುವ ಪಾಠ ಇನ್ನೊಂದು: “ನಾರ್ಮಲ್ ಬಂತು, ಮಾತ್ರೆ ಬಿಟ್ಟೆ.” ಮಾತ್ರೆಯಿಂದಲೇ ನಾರ್ಮಲ್ ಬಂದದ್ದು ಎಂದು ಬಿಡಿಸಿ ಹೇಳುವವರಿಲ್ಲದೆ ಎಷ್ಟು ಜನ ಕಣ್ಣು ಕಳೆದುಕೊಂಡರು, ಕಿಡ್ನಿ ಕಳೆದುಕೊಂಡರು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಬಗ್ಗೆ ಹೇಳಿದರೆ ಓದಿದವರಿಗೇ ತಲೆಗೆ ಹೋಗುವುದಿಲ್ಲ, ಇವರಿಗೆಲ್ಲಿ ಹೋದೀತು ಎಂದು ಒಬ್ಬ ಲ್ಯಾಬಿನವರು ನನಗೆ ಹೇಳಿದ್ದರು.

ಹೋಗುತ್ತದೆ. ಈ ಹೆಂಗಸರು ದಿನಕ್ಕೆರಡು ಬಾರಿ ಡೈರಿಯ ಚೀಟಿ ಓದುವವರು. ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ಮಳೆಗಾಲದ ಎಳೆಹುಲ್ಲು ಮೇದರೆ ಫ್ಯಾಟು ಯಾಕೆ ಇಳಿಯುತ್ತದೆ, ಏನು ತಿನ್ನಿಸಿದರೆ ಏರುತ್ತದೆ, ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ತಿಂದದ್ದಕ್ಕೂ ಅಂಕಿಗೂ ಇರುವ ಸಂಬಂಧವನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಮೂರು ತಿಂಗಳ ಪರೀಕ್ಷೆಯನ್ನು ದೊಡ್ಡಮ್ಮ ವಿವರಿಸುವುದು ಹೀಗೆ: “ಬೆರಳು ಚುಚ್ಚಿ ನೋಡೋದು ಇವತ್ತಿನ ಚೀಟಿ. ತೋಳಿಂದ ರಕ್ತ ತಗೊಂಡು ನೋಡೋದು ಬಟವಾಡೆ. ಒಂದಿನ ಹಾಲು ಚೆನ್ನಾಗಿ ಬಂತು ಅಂತ ಬಟವಾಡೆ ಏರಲ್ಲ ಕಣಮ್ಮ.” ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ಇಂಥವರನ್ನೇ ಗುರುತಿಸಿ, ಕಲಿಸಿ, ಅವರಿಂದಲೇ ಕಲಿಸುವ ಕೆಲಸವನ್ನು ಕಾಂಬೋಡಿಯಾ ದೇಶದಲ್ಲಿ 2004ರಿಂದ ಮಾಡಿದ್ದಾರೆ. ನಾಮ್ ಪೆನ್ ನಗರದ ಕೊಳೆಗೇರಿಗಳಲ್ಲಿ ಶುರುವಾದ ಆ ಸಂಸ್ಥೆಯ ಹೆಸರು ಮೊಪೊಟ್ಸಿಯೊ, ಕಟ್ಟಿದವರು ಮಾರಿಟ್ಸ್ ವ್ಯಾನ್ ಪೆಲ್ಟ್. ಅಲ್ಲಿ ಪಾಠ ಹೇಳುವವರಾಗಲು ಇರುವ ಮೊದಲ ಅರ್ಹತೆ ಸಕ್ಕರೆ ಕಾಯಿಲೆ. ಆ ಕೇರಿಯಲ್ಲೇ ವಾಸ ಇರಬೇಕು, ತಮ್ಮ ಸಕ್ಕರೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಕಲಿತಿರಬೇಕು. ತರಬೇತಿ ಪಡೆದ ಮೇಲೆ ಅವರ ಮನೆಯೇ ಕೇಂದ್ರ. ನೆರೆಯವರು ಬಂದು ಕೂರುತ್ತಾರೆ, ಸಕ್ಕರೆ ನೋಡಿಸಿಕೊಳ್ಳುತ್ತಾರೆ, ತಮ್ಮ ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ. ದುಬಾರಿ ಸ್ಟ್ರಿಪ್ಪಿನ ಬದಲು ಮೂತ್ರದಲ್ಲಿ ಸಕ್ಕರೆ ನೋಡುವ ಅಗ್ಗದ ಪಟ್ಟಿಯನ್ನು ಬಳಸಿ ಯಾವ ಊಟ ಏನು ಮಾಡುತ್ತದೆ ಎಂದು ರೋಗಿಯೇ ಕಂಡುಕೊಳ್ಳುವಂತೆ ಮಾಡಿದ್ದು ಅವರ ಜಾಣತನ. ಇನ್ನೊಂದು ಜಾಣತನ ಔಷಧದ್ದು. ಸಂಸ್ಥೆಯೇ ಮಾತ್ರೆಗಳನ್ನು ಸಗಟಾಗಿ ತರಿಸಿ, ಒಪ್ಪಂದ ಮಾಡಿಕೊಂಡ ಅಂಗಡಿಗಳಲ್ಲಿ ನಿಗದಿತ ಬೆಲೆಗೆ ಸಿಗುವಂತೆ ಮಾಡಿ, ಬಂದ ಹಣದಿಂದ ಮತ್ತೆ ಮಾತ್ರೆ ತರಿಸುವ ನಿಧಿ. ಪಾಠ ಒಂದೇ ಇದ್ದು ಮಾತ್ರೆ ಸಿಗದಿದ್ದರೆ ಪಾಠ ಹೇಳಿದವರ ಮಾತು ನೆಲಕ್ಕೆ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ಕೇರಳದ ನೆಯ್ಯಾಟ್ಟಿನ್‌ಕರ ತಾಲ್ಲೂಕಿನ ಪ್ರಯೋಗ ಬೇರೆ ಥರದ್ದು. ಕಾಯಿಲೆ ಬರುವ ಸಂಭವ ಹೆಚ್ಚಿದ್ದ 1,007 ಜನರನ್ನು 60 ಮತಗಟ್ಟೆ ಪ್ರದೇಶಗಳಿಂದ ಆರಿಸಿದರು. ಅರ್ಧ ಪ್ರದೇಶಗಳಲ್ಲಿ ಗುಂಪು ಕಟ್ಟಿ, ಗುಂಪಿನವರೇ ತಮ್ಮೊಳಗಿನಿಂದ ಆರಿಸಿಕೊಂಡ ಮುಖಂಡರಿಗೆ ತರಬೇತಿ ಕೊಟ್ಟರು. ಎರಡು ವರ್ಷದ ಮೇಲೆ ಗುಂಪು ಇದ್ದ ಕಡೆ ಶೇ 14.9 ಜನರಿಗೆ, ಇಲ್ಲದ ಕಡೆ ಶೇ 17.1 ಜನರಿಗೆ ಕಾಯಿಲೆ ಬಂದಿತ್ತು. 2018ರಲ್ಲಿ ಪ್ರಕಟಿಸುವಾಗ ಸಂಶೋಧಕರು ಪ್ರಾಮಾಣಿಕವಾಗಿ ಬರೆದರು: ಈ ಅಂತರ ಗುಂಪಿನಿಂದಲೇ ಆಯಿತೆಂದು ಸಂಖ್ಯಾಶಾಸ್ತ್ರ ಒಪ್ಪುವಷ್ಟು ದೊಡ್ಡದಲ್ಲ. ಆದರೆ ಹಣ್ಣು ತರಕಾರಿ ತಿನ್ನುವುದು ಹೆಚ್ಚಿತ್ತು, ಕುಡಿತ ಇಳಿದಿತ್ತು. ನೆರೆಯವರ ಪಾಠ ಮಂತ್ರದಂಡ ಅಲ್ಲ ಎಂದು ತಿಳಿಯಲು ಈ ಅಧ್ಯಯನ ಮುಖ್ಯ.

ನಮಗೆ ಇನ್ನೂ ಹತ್ತಿರದ್ದು ಗಡಿಯಾಚೆಯ ಮದನಪಲ್ಲಿ. ಶ್ರೀನಿವಾಸಪುರದವರಿಗೆ ಅದು ಸಂತೆಗೆ ಹೋಗಿ ಬರುವಷ್ಟು ದೂರ, ಟೊಮೆಟೊ ಬೆಲೆ ವಿಚಾರಿಸುವ ಊರು. ಅಲ್ಲಿನ ಋಷಿವ್ಯಾಲಿ ಸುತ್ತಲಿನ ಹಳ್ಳಿಗಳೂ ಸೇರಿದಂತೆ ದಕ್ಷಿಣದ ಮೂರು ಕಡೆ ರಕ್ತದೊತ್ತಡದ ರೋಗಿಗಳನ್ನು ಆಶಾ ಕಾರ್ಯಕರ್ತೆಯರು ಹದಿನೈದು ದಿನಕ್ಕೊಮ್ಮೆ ಗುಂಪಿನಲ್ಲಿ ಕೂರಿಸಿ ಮೂರು ತಿಂಗಳು ಪಾಠ ನಡೆಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒತ್ತಡ ಹಿಡಿತಕ್ಕೆ ಬಂದವರು ಗುಂಪಿನಲ್ಲಿ ಸುಮಾರು ಶೇ 49ರಿಂದ ಶೇ 69ಕ್ಕೆ ಏರಿದ್ದರು. ಗುಂಪಿಲ್ಲದ ಕಡೆ ಶೇ 46ರಿಂದ ಶೇ 57. ಬಿ.ಪಿ.ಯೂ ಶುಗರೂ ನಮ್ಮಲ್ಲಿ ಅಕ್ಕ ತಂಗಿಯರ ಹಾಗೆ ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳು. ಒಂದಕ್ಕೆ ಆದದ್ದು ಇನ್ನೊಂದಕ್ಕೆ ಆಗದೆ ಇರಲಾರದು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ದಿಕ್ಕಿನಲ್ಲಿ ವೆಲ್ಲೂರಿದೆ. ದೊಡ್ಡ ಕಾಯಿಲೆ ಎಂದರೆ ಮುಳಬಾಗಿಲಿನವರು, ಕೆಜಿಎಫ್‌ನವರು ಬಸ್ಸು ಹತ್ತುವುದು ಅಲ್ಲಿನ ಸಿಎಂಸಿ ಆಸ್ಪತ್ರೆಗೆ. ಅದೇ ಆಸ್ಪತ್ರೆಯ ನಿಹಾಲ್ ಥಾಮಸ್ ಮತ್ತು ಅಮೆರಿಕದ ಮೆರೆಡಿತ್ ಹಾಕಿನ್ಸ್ ಅವರ ಸಂಶೋಧನೆಯ ಬಲದಿಂದ 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಐದನೇ ಬಗೆಯ ಮಧುಮೇಹವನ್ನು ಒಪ್ಪಿಕೊಂಡಿತು. ಇದು ಚಿಕ್ಕಂದಿನಿಂದ ಹೊಟ್ಟೆ ತುಂಬ ಉಣ್ಣದವರಿಗೆ ಬರುವ ಮಧುಮೇಹ. ಮೈ ಒಣಗಿದ ಕಡ್ಡಿಯಂತಿರುತ್ತದೆ, ಆದರೂ ಸಕ್ಕರೆ ಏರಿರುತ್ತದೆ. ಸರಿಯಾಗಿ ಬೆಳೆಯದ ಮೇದೋಜೀರಕ ಗ್ರಂಥಿ ಸಾಕಷ್ಟು ಇನ್ಸುಲಿನ್ ಸುರಿಸುವುದಿಲ್ಲ. ಇಂಥವರಿಗೆ ಊಟ ಕಡಿಮೆ ಮಾಡಿ, ತೂಕ ಇಳಿಸಿ ಎಂದು ಪೋಸ್ಟರ್ ತೋರಿಸಿದರೆ ಆಗುವ ಅನ್ಯಾಯವನ್ನು ಯೋಚಿಸಿ. ಹಸಿವಿನಿಂದ ಬಂದ ಕಾಯಿಲೆಗೆ ಹಸಿವನ್ನೇ ಮದ್ದಾಗಿ ಕೊಟ್ಟಂತೆ. ಪೋಸ್ಟರ್ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ಪಕ್ಕದ ಮನೆಯವರಿಗೆ ಮಾತ್ರ ಯಾರು ಎಷ್ಟು ಉಂಡು ಬೆಳೆದವರು ಎಂದು ಗೊತ್ತಿರುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 2010ರಲ್ಲಿ ಕೇಂದ್ರವು ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ತಡೆಗೆ 100 ಜಿಲ್ಲೆಗಳಲ್ಲಿ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. ರಾಜ್ಯದ ಗೃಹ ಆರೋಗ್ಯ ಯೋಜನೆ ಪ್ರಾಯೋಗಿಕವಾಗಿ ನಡೆದದ್ದೂ ಇದೇ ಜಿಲ್ಲೆಯಲ್ಲಿ, 2025ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಮೂವತ್ತು ದಾಟಿದವರ ಮನೆಗೇ ಬಂದು ಬಿ.ಪಿ., ಶುಗರ್ ನೋಡಿ, ಮಾತ್ರೆಯನ್ನೂ ತಲುಪಿಸುವುದು ಸಣ್ಣ ಮಾತಲ್ಲ. ಬಸ್ಸಿನ ದಾರಿ, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ. ಆದರೆ ಮಾತ್ರೆ ಬಾಗಿಲಿಗೆ ಬಂದ ಮೇಲೆ ಅದು ಹೊಟ್ಟೆಗೆ ಹೋಗುವ ತನಕದ ದಾರಿ ಇನ್ನೂ ಉಳಿದಿದೆ. ಆ ದಾರಿಯನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಸುರಿಯರು, ಬಾಣಂತಿಯರು, ಲಸಿಕೆ, ಕ್ಷಯ, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ನೂರೆಂಟು ವಿವರ. ಸಾವಿರ ಜನಕ್ಕೆ ಒಬ್ಬಳೇ ಹೆಣ್ಣುಮಗಳು ಎಷ್ಟು ಹೊರಬೇಕು?

ಆ ಕೆಲಸಕ್ಕೆ ಬೇಕಾದ ಜನ ನಮ್ಮಲ್ಲೇ ಇದ್ದಾರೆ, ಕೂರುವ ಜಾಗವೂ ಇದೆ. ದೇಶವೆಲ್ಲ ಈಗ ಹೊಗಳುವ ಸ್ವಸಹಾಯ ಸಂಘದ ಪದ್ಧತಿಯನ್ನು 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿತು. ಅವರು ಕೆಲಸ ಮಾಡಿದ ಜಾಗಗಳಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರವೂ ಒಂದು. ಸಾಲ ಕೊಡಲು, ವಸೂಲಿ ಮಾಡಲು, ಪುಸ್ತಕ ಬರೆಯಲು, ತಪ್ಪಿದವರನ್ನು ಕೇಳಲು ಕಲಿತ ಹೆಂಗಸರ ಎರಡು ತಲೆಮಾರು ಇಲ್ಲಿದೆ. ಸಂಘದ ವಾರದ ಸಭೆಯಲ್ಲಿ ಕಂತಿನ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಟ್ಟರೆ ಸಾಕು. ಒಂದು ಗ್ಲುಕೋಮೀಟರು, ಅದಕ್ಕೆ ಬೇಕಾದ ಸ್ಟ್ರಿಪ್ಪು, ಪಾದದಲ್ಲಿ ಸ್ಪರ್ಶ ಇದೆಯೇ ಎಂದು ನೋಡುವ ನೈಲಾನ್ ಎಳೆ. ಒಂದು ಸ್ಟ್ರಿಪ್ಪಿಗೆ ಹತ್ತಿಪ್ಪತ್ತು ರೂಪಾಯಿ. ಅದು ರೋಗಿಯ ಕೈಯಿಂದ ಹೋಗಬಾರದು.

ಪಾಠ ಹೇಳುವವರಿಗೆ ಗೌರವಧನ ಇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹೆಂಗಸರ ಕೆಲಸವನ್ನು ಸೇವೆ ಎಂದು ಕರೆದು ಪುಕ್ಕಟೆ ಮಾಡಿಸಿಕೊಳ್ಳುವ ಅಭ್ಯಾಸ ನಿಲ್ಲಬೇಕು. ಅವರ ಮಿತಿಯೂ ಬರಹದಲ್ಲಿ ಇರಬೇಕು. ಮಾತ್ರೆಯ ಪ್ರಮಾಣ ಬದಲಿಸುವುದು ಅವರ ಕೆಲಸವಲ್ಲ. ಮುನ್ನೂರು ದಾಟಿದವರನ್ನು, ವಾಂತಿ ಆಗುತ್ತಿರುವವರನ್ನು, ಕಾಲಿನ ಗಾಯ ಕಪ್ಪಾಗಿರುವವರನ್ನು, ಸಕ್ಕರೆ ಇರುವ ಬಸುರಿಯರನ್ನು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಅವರು ಕಳಿಸಿದ ಚೀಟಿಗೆ ಅಲ್ಲಿ ಬೆಲೆ ಇರಬೇಕು, ಸಾಲಿನ ಕೊನೆಗೆ ನಿಲ್ಲಿಸಬಾರದು. ವರ್ಷಕ್ಕೊಮ್ಮೆ ಕಣ್ಣಿನ ಹಿಂಬದಿಯ ಪರೀಕ್ಷೆ, ಕಿಡ್ನಿಯ ಪರೀಕ್ಷೆ ಮಾಡಿಸಿದರೇ ಎಂದು ಕೇಳಿ ಬರೆದುಕೊಳ್ಳಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಇಡುವುದು ಹೇಗೆಂದು ತೋರಿಸಬೇಕು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ಬಾಟಲು, ಮೇಲೊಂದು ಒದ್ದೆ ಬಟ್ಟೆ, ನೆರಳಿನ ಜಾಗ.

ಗಂಡಸರ ಮಾತು ಕಷ್ಟದ್ದು. ಅವರು ಹಾಲಿನ ಸಾಲಿಗೂ ಬರುವುದಿಲ್ಲ, ಸಂಘಕ್ಕೂ ಬರುವುದಿಲ್ಲ. ಅರಳಿಕಟ್ಟೆಯಲ್ಲಿ ತಮ್ಮ ಸಕ್ಕರೆಯ ಬಗ್ಗೆ ಮಾತೆತ್ತುವುದೂ ಇಲ್ಲ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಹಗಲೂ ರಾತ್ರಿ ಲಾರಿಗೆ ತುಂಬುವ ಹಮಾಲರು ಬರೀ ಟೀ ಕುಡಿದು ಗಂಟೆಗಟ್ಟಲೆ ದುಡಿಯುವುದನ್ನು ನೋಡಿದ್ದೇನೆ. ಒಬ್ಬರಿಗೆ ದಿನಕ್ಕೆ ಎಂಟು ಹತ್ತು ಟೀ, ಒಂದೊಂದರಲ್ಲೂ ಎರಡು ಚಮಚ ಸಕ್ಕರೆ. ಅವರಿಗೆ ಪಾಠ ಹೇಳಬೇಕಾದವರು ಅವರೊಳಗಿನ ಒಬ್ಬ ಹಮಾಲರೇ, ಜಾಗ ಮಂಡಿಯೇ. ಇನ್ನು ಮದುವೆಯಾಗದ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿಗೇ ಇನ್ಸುಲಿನ್ ಬೇಕಾಗಿ ಬಂದಿದ್ದರೆ ಮನೆಯವರು ಬಾಗಿಲು ಹಾಕಿಕೊಂಡು ಚುಚ್ಚುತ್ತಾರೆ. ಅಂಥವರ ಗುಟ್ಟನ್ನು ಕಾಯುವುದು ಊರಿನ ಪಾಠದ ಮೊದಲ ನಿಯಮವಾಗಬೇಕು. ಬಾಯಿ ಬಿಡದವರನ್ನು ಆರಿಸಬೇಕು. ಯಾರು ಅಂಥವರು ಎಂದು ಊರಿಗೇ ಗೊತ್ತಿರುತ್ತದೆ.

ಕಳೆದ ಸಂಕಷ್ಟಿಗೆ ನಾನೂ ಊರಿಗೆ ಹೋಗಿದ್ದೆ. ದೊಡ್ಡಮ್ಮ ಈಗ ಗುಡಿಗೆ ಹೋಗುವುದು ಬಿಸಿಲೇರುವ ಮೊದಲು, ದಪ್ಪ ಸಾಕ್ಸ್ ಹಾಕಿಕೊಂಡು. ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಡುವ ಮುನ್ನ ಮೊಮ್ಮಗಳಿಂದ ಕಲ್ಲು ಮುಟ್ಟಿಸಿ ಕೇಳುತ್ತಾರೆ, ಸುಡುತ್ತದೆಯೇ ಎಂದು. ಮೊದಲ ಸಲ ಸಾಕ್ಸ್ ಹಾಕಿಕೊಂಡು ಪ್ರದಕ್ಷಿಣೆ ಬಂದಾಗ ಮಡಿಗೆ ಕುಂದಾಯಿತೆಂದು ಯಾರೋ ಗೊಣಗಿದ್ದರಂತೆ. ನಾನು ಹೋಗಿದ್ದ ದಿನ ಮೂರನೇ ಸುತ್ತಿನಲ್ಲಿ ಪಕ್ಕದ ಹಳ್ಳಿಯ ಇಬ್ಬರು ಹೆಂಗಸರು ಅವರ ಕಾಲನ್ನೇ ನೋಡುತ್ತ ಹಿಂದೆ ಬಂದರು. ಸುತ್ತು ಮುಗಿಸಿ ಕಂಬದ ನೆರಳಿನಲ್ಲಿ ಕೂತಾಗ ಅವರಲ್ಲಿ ಚಿಕ್ಕವಳು ಬಗ್ಗಿ ಕೇಳಿದಳು.

“ಎಲ್ಲಿ ತಗೊಂಡ್ರಿ ದೊಡ್ಡಮ್ಮ? ನಂಗೂ ಪಾದ ಜೋಮು ಹಿಡಿದಂಗೆ ಇರ್ತೈತೆ.”

ದೊಡ್ಡಮ್ಮ ಮುಳಬಾಗಿಲಿನ ಸಂತೆಯ ಅಂಗಡಿ ಹೇಳಿದರು, ರೇಟು ಹೇಳಿದರು. ಆಮೇಲೆ ಅವಳ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದರು.